ವಸಂತನ ಜೊತೆಗೆ ಉಣ್ಣೆನೂ ಬಂತು

ಶಿವರಾತ್ರಿ ಕಳೀತು, ಚಳಿ ಶಿವಶಿವ ಅಂತ ಹೊರಟೋಯ್ತು, ಹೊಂಗೆ ಚಿಗುರಿದೆ, ಮಾವು ಮಿಡಿ ಕಟ್ಟಿದೆ, ಅಷ್ಟರಲ್ಲೇ ಪಶುವೈದ್ಯೆ ಆದ ನನ್ನ ಟೇಬಲ್ ಮೇಲೆ ನಿಮ್ಮ ಸಾಕುಪ್ರಾಣಿಗಳ ಬಗ್ಗೆ ಬರೆದ ಕಾಗದ, ಈಮೇಲು, ವಾಟ್ಸಾಪ್ ಮೆಸೇಜು ಎಲ್ಲ ರಾಶಿ ಬಿದ್ದಿದೆ. ಅರ್ಧಕ್ಕರ್ಧ ನಾಯಿ ಮೈಗೆ ಹತ್ತಿ ರಕ್ತ ಹೀರೋ ಉಣ್ಣೆ ಬಗ್ಗೆನೇ. ಅದ್ರಿಂದ್ಲೇ ಶುರು ಮಾಡೋಣ, ಉಳಿದವರು ಸ್ವಲ್ಪ ಕಾಯಿರಿ.

ಮೇಡಂ, ನಮ್ದು ಎರಡು ವರ್ಷದ ಲ್ಯಾಬ್ರಡಾರ್, ಹೆಸರು ಸಿಂಬ. ಕಳೆದ ತಿಂಗಳಿಂದ ದಿನಾ ಹತ್ತಿಪ್ಪತ್ತು ಉಣ್ಣೆ ತೆಗೀತಿದೀನಿ, ಪೌಡರ್ ಹಾಕ್ದೆ, ಶಾಂಪೂ ಹಾಕ್ದೆ, ಬೇವಿನ ಸೊಪ್ಪಿನ ನೀರಲ್ಲಿ ಸ್ನಾನ ಮಾಡಿಸ್ದೆ, ಎರಡು ದಿನ ಬಿಟ್ಟು ನೋಡಿದ್ರೆ ಮತ್ತೆ ಅಷ್ಟೇ. ಎಲ್ಲಿಂದ ಬರ್ತಾವೆ ಇವು? ಮನೆಯವರು ನಾಯಿನೇ ಬೇಡ ಅಂತಿದಾರೆ. — ಓದುಗರೊಬ್ಬರು, ಮೈಸೂರು

ನಿಮ್ಮನೆಯವರಿಗೆ ಹೇಳಿ, ನಾಯಿನ ಆಚೆ ಕಳಿಸಿದ್ರೂ ಉಣ್ಣೆ ಮನೇಲೇ ಇರತ್ತೆ ಅಂತ! ತಮಾಷೆಗೆ ಹೇಳ್ತಿಲ್ಲ. ನೀವು ಸಿಂಬನ ಮೈಮೇಲೆ ನೋಡ್ತಿರೋದು ಒಟ್ಟು ಲೆಕ್ಕದಲ್ಲಿ ಸ್ವಲ್ಪನೇ, ಉಳಿದದ್ದೆಲ್ಲ ಗೋಡೆ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಸಂದಿಲಿ, ಅದು ಮಲಗೋ ಗೋಣಿಚೀಲದ ಹೊಲಿಗೆ ಒಳಗೆ ಕೂತಿರತ್ತೆ. ನಮ್ಮ ಕಡೆ ಮನೆ ನಾಯಿಗಳಿಗೆ ಹತ್ತೋ ಈ ಕಂದು ಉಣ್ಣೆ ಮನುಷ್ಯರ ಮನೆಯೊಳಗೇ ಸಂಸಾರ ಹೂಡೋ ಜಾತಿ. ರಕ್ತ ಕುಡಿದು ಹರಳು ಬೀಜದ ಥರ ಬೂದು ಬಣ್ಣಕ್ಕೆ ಉಬ್ಬಿರತ್ತಲ್ಲ, ಅದು ಹೆಣ್ಣು. ಹೊಟ್ಟೆ ತುಂಬಿದ ಮೇಲೆ ತಾನಾಗೇ ಉದುರಿ, ನಡ್ಕೊಂಡು ಹೋಗಿ ಯಾವ್ದೋ ಸಂದಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯತ್ತೆ. ಸೆಖೆ ಏರಿದಷ್ಟೂ ಮೊಟ್ಟೆ ಬೇಗ ಒಡೆಯತ್ತೆ, ಅದಕ್ಕೇ ಮಾರ್ಚ್ ಬಂದ ಕೂಡ್ಲೇ ಈ ಪರಿಷೆ.

ಒಂದ್ಸಲ ಹೀಗೇ ಒಬ್ಬರ ಮನೆಗೆ ಹೋಗಿದ್ದೆ. ನಾಯಿ ಕ್ಲೀನು, ನೆಲ ಕ್ಲೀನು, ಆದ್ರೂ ದಿನಾ ಉಣ್ಣೆ. ಯಾಕೋ ಡೌಟ್ ಬಂದು ನಾಯಿ ಮಲಗೋ ಜಾಗದ ಮೇಲಿನ ಸ್ವಿಚ್‌ಬೋರ್ಡ್‌ಗೆ ಟಾರ್ಚ್ ಹಾಕಿ ನೋಡಿದ್ರೆ ಗೋಡೆಗೂ ಬೋರ್ಡ್‌ಗೂ ನಡುವೆ ಎಳ್ಳು ಚೆಲ್ಲಿದ ಹಾಗೆ ಮರಿಗಳು, ಸಾಲಾಗಿ ಮೇಲಕ್ಕೆ ಹತ್ತುತಾ ಇದ್ವು. ಆ ಮನೆ ಅಜ್ಜಿ ಅದನ್ನ ನೋಡಿ ಆ ರಾತ್ರಿ ಮಗಳ ಮನೆಗೆ ಹೋಗಿಬಿಟ್ರು.

ಹಾಗಾಗಿ ಕೆಲಸ ಎರಡು ಕಡೆ ಆಗಬೇಕು. ನಾಯಿಗೆ ನಿಮ್ಮ ಡಾಕ್ಟರ್ ಹತ್ರ ತೂಕ ನೋಡಿಸಿ ಅಗಿಯೋ ಮಾತ್ರೆನೋ, ಕತ್ತಿನ ಹಿಂದೆ ಚರ್ಮಕ್ಕೆ ಬಿಡೋ ಔಷಧಿನೋ ಬರೆಸ್ಕೊಳ್ಳಿ, ಮಾತ್ರೆಗಳಲ್ಲಿ ತಿಂಗಳಿಗೊಂದು ಕೊಡೋದೂ ಇದೆ, ಮೂರು ತಿಂಗಳಿಗೊಂದು ಕೊಡೋದೂ ಇದೆ. ಸಿಂಬಂಗೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ ಅದನ್ನ ಮೊದ್ಲೇ ಹೇಳಿ, ಯಾಕಂದ್ರೆ ಆ ಮಾತ್ರೆಗಳು ಅಂಥ ನಾಯಿಗೆ ಆಗಿಬರಲ್ಲ. ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಒಂದೊಂದು ಉಣ್ಣೆ ಕಾಣತ್ತೆ, ಔಷಧಿ ಕೆಲಸ ಮಾಡ್ತಿಲ್ಲ ಅಂತ ಫೋನ್ ಮಾಡಬೇಡಿ, ಅದು ಕಚ್ಚಿದ ಮೇಲೇನೇ ಸಾಯೋದು. ಇನ್ನೊಂದು ಕಡೆ ಮನೆ: ಹಾಸಿಗೆ ಬಟ್ಟೆ ವಾರಕ್ಕೊಂದ್ಸಲ ಕುದಿಯೋ ನೀರಲ್ಲಿ ನೆನೆಸಿ ಒಗೀರಿ, ಗೋಣಿಚೀಲ ಆದ್ರೆ ಸುಟ್ಟುಬಿಡಿ, ಬಿರುಕುಗಳಿಗೆ ಸಿಮೆಂಟ್ ಹಚ್ಚಿಸಿ. ಸ್ಪ್ರೇ ಹೊಡೆಸೋದಾದ್ರೆ ನಾಯಿ, ಬೆಕ್ಕು, ಮಕ್ಕಳು, ಮೀನಿನ ತೊಟ್ಟಿ ಎಲ್ಲ ಆಚೆ, ನೆಲ ಪೂರ್ತಿ ಒಣಗೋವರೆಗೂ ಒಳಗೆ ಬಿಡಬೇಡಿ. ಒಂದೇ ವಾರಕ್ಕೆ ಮುಗಿಯಲ್ಲ ಇದು. ಉಣ್ಣೆ ರಕ್ತ ಇಲ್ದೆ ತಿಂಗಳುಗಟ್ಟಲೆ ಸಂದಿಲಿ ಕಾಯ್ಕೊಂಡು ಕೂರತ್ತೆ, ಅದಕ್ಕೆ ಮೂರು ತಿಂಗಳಾದ್ರೂ ಬಿಡದೆ ಮಾಡಿ.

ಕೈಯಲ್ಲಿ ತೆಗೆಯೋದಾದ್ರೆ ಚಿಮಟದಲ್ಲಿ ಚರ್ಮದ ಹತ್ರಕ್ಕೆ ಹಿಡಿದು ನೇರ ಎಳೀರಿ, ಸೋಪಿನ ನೀರಿಗೋ ಸ್ಪಿರಿಟ್‌ಗೋ ಹಾಕಿ. ಊದಿನಕಡ್ಡಿಲಿ ಸುಡೋದು, ಸೀಮೆಎಣ್ಣೆ ಬಿಡೋದು, ಉಗುರಲ್ಲಿ ಚಟ್ ಅಂತ ಒಡೆಯೋದು ಮೂರೂ ಬೇಡ.

ಕೊನೇದಾಗಿ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಸಿಂಬ ಊಟ ಬಿಟ್ರೆ, ಮಂಕಾದ್ರೆ, ಮೂಗಲ್ಲಿ ರಕ್ತ ಬಂದ್ರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ ನಾಳೆ ನೋಡೋಣ ಅನ್ನಬೇಡಿ. ತುಟಿ ಎತ್ತಿ ವಸಡು ನೋಡಿ, ಗುಲಾಬಿ ಬಣ್ಣ ಹೋಗಿ ಬಿಳಿಚಿದ್ರೆ ಅವತ್ತೇ ಹೊರಡಿ. ನಾಯಿಗೆ ಮಾಮೂಲಿ ಟೆಂಪರೇಚರ್ 101ರಿಂದ 102.5 ಫ್ಯಾರನ್‌ಹೀಟ್, ನಮಗಿಂತ ಜಾಸ್ತಿ, ಅದಕ್ಕೆ ಕೈಯಿಟ್ಟು 'ಬಿಸಿ ಇದೆ' ಅನ್ನೋ ಲೆಕ್ಕ ನಡೆಯಲ್ಲ. ಉಣ್ಣೆ ಕಚ್ಚಿ ಬರೋ ಈ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿ, ಯಾವ ಜಾತಿ ರೋಗಾಣು ಅಂತ ನೋಡ್ಕೊಂಡು ಔಷಧಿ ಕೊಡ್ತಾರೆ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬರೆದುಕೊಟ್ರೆ ಸಾಮಾನ್ಯವಾಗಿ ನಾಲ್ಕು ವಾರದ ಕೋರ್ಸು, ಮೂರನೇ ದಿನಕ್ಕೆ ಬಾಲ ಅಲ್ಲಾಡಿಸ್ತು ಅಂತ ನಿಲ್ಲಿಸಿದವರು ಎರಡು ತಿಂಗಳಿಗೆ ಮತ್ತೆ ನನ್ನ ಮುಂದೆ ಬಂದು ಕೂತಿದಾರೆ.

ನಾಯಿಗೆ ತಂದ ಉಣ್ಣೆ ಔಷಧಿ ಸ್ವಲ್ಪ ಉಳಿದಿತ್ತು, ಬೆಕ್ಕಿಗೂ ಚಿಗಟ ಇತ್ತಲ್ಲ ಅಂತ ಎರಡು ಹನಿ ಹಾಕಿದೆ. ಸಂಜೆಗೆ ಜೊಲ್ಲು ಸುರಿಸಿ ಗಡಗಡ ನಡುಗೋಕೆ ಶುರು ಮಾಡ್ತು. ಆಸ್ಪತ್ರೆಗೆ ಓಡಿದ್ವಿ, ಉಳೀತು. ಯಾಕೆ ಹಾಗಾಯ್ತು? — ದಾವಣಗೆರೆಯಿಂದ

ಉಳೀತಲ್ಲ, ನಿಮ್ಮ ಪುಣ್ಯ. ನಾಯಿಗೆ ಮಾಡಿರೋ ಎಷ್ಟೋ ಹನಿ ಔಷಧಿ, ಪೌಡರ್‌ಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರತ್ತೆ, ನಾಯಿ ಲಿವರ್ ಅದನ್ನ ಅರಗಿಸ್ಕೊಳ್ಳತ್ತೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಇಲ್ಲ, ಅಷ್ಟೇ. ಬೆಕ್ಕು ಅಂದ್ರೆ ಚಿಕ್ಕ ನಾಯಿ ಅಲ್ಲ, ಇದನ್ನ ಎಷ್ಟು ಸಲ ಬರೆದ್ರೂ ಸಾಲಲ್ಲ. ಗೊತ್ತಿಲ್ದೆ ಹಾಕಿಬಿಟ್ರೆ ಆ ಕ್ಷಣವೇ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು ಹಾಕಿ ತೊಳೆದು, ಟವೆಲಲ್ಲಿ ಸುತ್ತಿ ಹೊರಡಬೇಕು, ಔಷಧಿ ಡಬ್ಬಿನೂ ಜೊತೆಗೆ ತಗೊಂಡು ಹೋಗಿ. ಅದೇ ರೀತಿ ಬೆಕ್ಕಿಗೆ ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಅರ್ಧ ಮುರಿದು ಕೊಡೋರು ಇದಾರೆ. ಆ ಅರ್ಧ ಮಾತ್ರೆ ಸಾಕು ಬೆಕ್ಕು ಸಾಯೋಕೆ. ಬೇವಿನ ಎಣ್ಣೆನೂ ಬೆಕ್ಕಿಗೆ ಬೇಡ, ಮೈ ನೆಕ್ಕಿ ನೆಕ್ಕಿ ಅದನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳತ್ತೆ.

ನಮ್ಮ ಮನೆ ಕಾಡಿನ ಅಂಚಲ್ಲಿದೆ. ನಾಯಿ ದಿನಾ ಬೆಟ್ಟಕ್ಕೆ ಹೋಗಿ ಬರ್ತದೆ, ಮೈತುಂಬ ಸಣ್ಣ ಸಣ್ಣ ಉಣುಗು. ಮಂಗನ ಕಾಯಿಲೆ ಸೀಸನ್ ಅಲ್ವಾ, ನಾಯಿಯಿಂದ ನಮಗೆ ಬರ್ತದಾ? — ಸಾಗರ ತಾಲೂಕಿನಿಂದ

ನಿಮ್ಮ ಭಯ ನ್ಯಾಯವಾಗಿದೆ. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಕಾಯಿಲೆ, ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಹೆಸರು. ಚಳಿಗಾಲದಲ್ಲಿ ಶುರುವಾಗಿ ಮೇವರೆಗೂ ಇರತ್ತೆ. ಹರಡೋದು ಉಣುಗು ಕಚ್ಚೋದ್ರಿಂದ, ನಾಯಿ ನೆಕ್ಕಿದ್ರೆ ಬರೋ ಕಾಯಿಲೆ ಅಲ್ಲ. ಆದ್ರೆ ಮೇಲೆ ಮೈಸೂರಿನವರಿಗೆ ಹೇಳಿದ ಮನೆ ಉಣ್ಣೆ ಬೇರೆ, ನಿಮ್ಮ ಕಾಡಿನ ಉಣುಗು ಬೇರೆ, ಕಾಡಿಂದು ಎಳೆ ಪ್ರಾಯದಲ್ಲಿ ಸಾಸಿವೆಗಿಂತ ಸಣ್ಣಕ್ಕಿರತ್ತೆ, ನಾಯಿ ಮೈಮೇಲೆ ಸವಾರಿ ಮಾಡ್ಕೊಂಡು ಅಂಗಳಕ್ಕೆ ಬಂದು ಇಳೀಬಹುದು. ಹಾಗಾಗಿ ಮಳೆ ಹಿಡಿಯೋವರೆಗೂ ನಾಯಿನ ಬೆಟ್ಟಕ್ಕೆ ಬಿಡಬೇಡಿ, ಕಟ್ಟಿ ಹಾಕಿ, ಇಲ್ಲ ಬೇಲಿ ಒಳಗೆ ಬಿಡಿ. ಬೊಗಳಿ ಬೊಗಳಿ ತಲೆ ತಿನ್ನತ್ತೆ, ತಿನ್ನಲಿ. ಹಾಸಿಗೆ ಮೇಲೆ ಹತ್ತಿಸ್ಕೊಳ್ಳೋದು ಈ ನಾಲ್ಕು ತಿಂಗಳು ಬೇಡ. ಉಣುಗು ಬರೀ ಕೈಲಿ ಕೀಳಬೇಡಿ. ಕೊಟ್ಟಿಗೆಗೆ ಕಾಡಿಂದ ಒಣ ಎಲೆ ತರ್ತೀರಲ್ಲ, ಅದನ್ನೂ ಈ ತಿಂಗಳುಗಳಲ್ಲಿ ನಿಲ್ಲಿಸಿ, ಉಣುಗಿಗೆ ಅದು ಬಸ್ಸು ಇದ್ದಂಗೆ. ಉಣುಗು ಹತ್ತದ ಹಾಗೆ ಆಸ್ಪತ್ರೆಲಿ ಕೊಡೋ ಡೆಪಾ ಎಣ್ಣೆ ಕಾಡಿಗೆ ಹೋಗೋ ಮನುಷ್ಯರ ಕೈಕಾಲಿಗೆ, ನಾಯಿಗೆ ಹಚ್ಚಬೇಡಿ. ಎಲ್ಲಾದ್ರೂ ಮಂಗ ಸತ್ತಿದ್ದು ಕಂಡ್ರೆ ನಾಯಿನ ಆ ಕಡೆ ಬಿಡದೆ ಕೂಡ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ನಿಮಗೆ ಜೋರು ಜ್ವರ, ಮೈಕೈ ನೋವು ಬಂದ್ರೂ ಅಲ್ಲಿಗೇ, ಮೆಡಿಕಲ್ ಶಾಪ್‌ಗೆ ಅಲ್ಲ.

ನಮಸ್ಕಾರ್ರಿ ಡಾಕ್ಟರ್. ನಮ್ಮ ಊರಾಗ ಹೋಳಿ ಒಂದ ದಿನಕ್ಕ ಮುಗಿಯೂದಲ್ರಿ. ನಮ್ದು ಮುಧೋಳ ನಾಯಿ, ಬಿಳೇದು. ಹೋದ ವರ್ಷ ಓಣಿ ಹುಡುಗ್ರು ಹಿಡದು ಪೂರಾ ಗುಲಾಬಿ ಮಾಡಿ ಬಿಟ್ಟಿದ್ರು. ಸೀಮಿಎಣ್ಣಿ ಹಚ್ಚಿ ತೊಳದ್ವಿ, ಚರ್ಮಾ ಕೆಂಪಾಗಿ ಕೂದ್ಲ ಉದುರಿದ್ವು. ಈ ಸಲ ಏನ್ ಮಾಡೂಣ್ರಿ? — ಬಾಗಲಕೋಟೆ

ಅಯ್ಯೋ, ಸೀಮೆಎಣ್ಣೆ ಹಚ್ಚಿದ್ದಕ್ಕೇ ಚರ್ಮ ಹೋಗಿದ್ದು, ಬಣ್ಣದಿಂದ ಅಷ್ಟೊಂದು ಆಗ್ತಿರಲಿಲ್ಲ ಬಿಡಿ. ಮುಧೋಳದ ಚರ್ಮ ಮೊದ್ಲೇ ತೆಳು, ಕೂದಲು ಗಿಡ್ಡ, ಹಚ್ಚಿದ್ದೆಲ್ಲ ನೇರ ಚರ್ಮಕ್ಕೇ ತಾಗತ್ತೆ. ಆ ಸೀಮೆಎಣ್ಣೆ ನೆಕ್ಕಿ ಶ್ವಾಸಕೋಶಕ್ಕೆ ಹೋಗಿದ್ರೆ ನ್ಯುಮೋನಿಯಾನೇ ಆಗ್ತಿತ್ತು.

ಹಲಗಿ ಬಡಿಯೋ ಅಷ್ಟೂ ದಿನ ನಾಯಿ ಒಳಗಿನ ಕೋಣೆಲಿ ಇರಲಿ, ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಬೇಟೆ ನಾಯಿ ಅದು, ಹೆದರಿ ಒಂದ್ಸಲ ಓಡ್ತು ಅಂದ್ರೆ ನಿಮ್ಮ ಬೈಕಿಗೂ ಸಿಗಲ್ಲ, ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಬರೆದು ಹಾಕಿಡಿ. ಇಷ್ಟೆಲ್ಲ ಮಾಡಿದ್ರೂ ಬಣ್ಣ ಬಿದ್ರೆ ಮೊದ್ಲು ಒಣ ಬಟ್ಟೇಲಿ ಪುಡಿ ಒರೆಸಿ ತೆಗೆದು, ಆಮೇಲೆ ಬೆಚ್ಚಗಿನ ನೀರು, ನಾಯಿ ಶಾಂಪೂ. ಒಂದೇ ಸಲಕ್ಕೆ ಹೋಗಲ್ಲ, ಎರಡು ವಾರ ಗುಲಾಬಿ ನಾಯಿ ಅಂತ ಕರೆಸ್ಕೊಳ್ಳಲಿ ಪರವಾಗಿಲ್ಲ. ಕಣ್ಣಿಗೆ ಬಿದ್ರೆ ಬರೀ ಕುಡಿಯೋ ನೀರು ಧಾರಾಳ ಹಾಕಿ ತೊಳೀರಿ. ಕಣ್ಣು ಮುಚ್ಚೇ ಇದ್ರೆ ಡಾಕ್ಟರ್ ಹತ್ರ ಹೋಗಿ, ಮನೇಲಿ ಉಳಿದಿರೋ ಯಾವ್ದೋ ಐ ಡ್ರಾಪ್ಸ್ ಬಿಡಬೇಡಿ, ಅದರಲ್ಲಿ ಸ್ಟಿರಾಯ್ಡ್ ಇದ್ದು, ಕಣ್ಣು ಗೀರಿದ್ರೆ ಗಾಯ ಇನ್ನೂ ಕೆಡತ್ತೆ. ಓಣಿ ಹುಡುಗ್ರನ್ನ ಹಬ್ಬದ ಹಿಂದಿನ ದಿನ ಕರೆದು ಚಾ ಕುಡಿಸಿ ಹೇಳಿ, ಬೈದ್ರೆ ಈ ಸಲ ಹಸಿರು ಮಾಡ್ತಾರೆ.

ಯುಗಾದಿ ದಿನ ಮನೆಮಂದಿ ಎಲ್ಲಾ ಬೇವು ಬೆಲ್ಲ ತಿಂತೀವಿ, ನಮ್ಮ ನಾಯಿ ಟೈಗರ್‌ಗೂ ಒಂದು ಚೂರು ಕೊಡೋದು ನಮ್ಮನೆ ಪದ್ಧತಿ. ಮೊಮ್ಮಗಳು ಬೇಡ ಅಂತಾಳೆ, ಗೂಗಲ್‌ನಲ್ಲಿ ಹಾಗಿದೆಯಂತೆ. ಕೊಡಬಹುದೇನಮ್ಮ? — ಅಜ್ಜಿಯೊಬ್ಬರು, ತುಮಕೂರು

ಕೊಡಿ ಅಜ್ಜಿ, ಒಂದು ಚಿಟಿಕೆ. ಆದ್ರೆ ನಿಮ್ಮ ಬೇವು ಬೆಲ್ಲಕ್ಕೆ ದ್ರಾಕ್ಷಿ ಹಾಕ್ತೀರಾ? ಹಾಕೋದಾದ್ರೆ ಟೈಗರ್ ಪಾಲು ಮೊದ್ಲೇ ತೆಗೆದಿಡಿ. ಒಣದ್ರಾಕ್ಷಿ, ಹಸಿ ದ್ರಾಕ್ಷಿ ಎರಡೂ ನಾಯಿ ಕಿಡ್ನಿಗೆ ಪೆಟ್ಟು, ಎಷ್ಟು ತಿಂದ್ರೆ ಆಗತ್ತೆ ಅಂತ ಅಳತೆ ಇಲ್ಲ, ಒಂದು ನಾಯಿಗೆ ಒಂದು ಮುಷ್ಟಿ ತಿಂದ್ರೂ ಆಗಲ್ಲ, ಇನ್ನೊಂದಕ್ಕೆ ನಾಲ್ಕು ಸಾಕು. ಹಾಗಾಗಿ ಪಾಯಸದ ತಳ ನೆಕ್ಕಿಸೋದು ಬೇಡ. ಮೊಮ್ಮಗಳು ಓದಿರೋದು ಅದನ್ನೇ ಇರ್ಬೇಕು, ಅವಳು ಹೇಳಿದ್ದೂ ಸರಿ, ನಿಮ್ಮ ಪದ್ಧತಿನೂ ಸರಿ. ಒಬ್ಬಟ್ಟು ತುಪ್ಪ ಇಲ್ದೆ ಅಂಗೈ ಅಗಲ, ಅದಕ್ಕಿಂತ ಜಾಸ್ತಿ ಕೊಟ್ರೆ ರಾತ್ರಿಯೆಲ್ಲ ನೀವೇ ಬಾಗಿಲು ತೆಗೆದು ಆಚೆ ಬಿಡಬೇಕಾಗತ್ತೆ.

ನನಗೆ ಯುಗಾದಿಗಿಂತ ಭಯ ಮಾರನೇ ದಿನದ ಹೊಸತೊಡಕಿಂದು. ಮನೆಮನೇಲೂ ಮಟನ್ನು, ಮೂಳೆ ಎಲ್ಲ ಬೀದಿ ನಾಯಿಗೂ ಮನೆ ನಾಯಿಗೂ. ಬೆಂದ ಮೂಳೆ ಚೂಪಾಗಿ ಸೀಳತ್ತೆ, ಗಂಟಲಲ್ಲೋ ಕರುಳಲ್ಲೋ ಚುಚ್ಚಿಕೊಂಡು ಕೂರತ್ತೆ. ಹಿಂದಿನ ಕಾಲದಲ್ಲಿ ನಾಯಿ ಮೂಳೆ ತಿನ್ತಿರಲಿಲ್ವಾ ಅಂತ ಕೇಳ್ತಾರೆ, ತಿಂತಿದ್ವು, ಸತ್ತಾಗ ಯಾಕೆ ಅಂತ ಯಾರೂ ನೋಡ್ತಿರಲಿಲ್ಲ. ಇನ್ನೊಂದು, ಮಾವಿನ ವಾಟೆ. ಚೀಪಿ ಅಂಗಳಕ್ಕೆ ಎಸೀತೀವಿ, ಸಿಹಿ ವಾಸನೆಗೆ ನಾಯಿ ಅದನ್ನ ಗುಳುಂ ಅನ್ನಿಸತ್ತೆ. ಕರುಳಿಗೆ ಅಡ್ಡ ಕೂತ್ರೆ ಆಪರೇಷನ್ನೇ ಗತಿ. ಹಣ್ಣಿನ ಕಾಲದಲ್ಲಿ ನಾಯಿ ಬಿಡದೆ ವಾಂತಿ ಮಾಡ್ತಿದೆ, ನೀರೂ ನಿಲ್ಲಲ್ಲ ಅಂದ್ರೆ ಡಾಕ್ಟರಿಗೆ ಮೊದಲ ಮಾತಲ್ಲೇ ವಾಟೆ ವಿಷಯ ಹೇಳಿ, ಎಕ್ಸ್‌ರೇಲಿ ಅದು ಯಾವಾಗ್ಲೂ ಸರಿಯಾಗಿ ಕಾಣಲ್ಲ.

ಹಾಯ್ ಡಾಕ್ಟರ್, ವರ್ಕ್ ಫ್ರಮ್ ಹೋಮ್, ಬೆಳಿಗ್ಗೆ ಮೀಟಿಂಗ್ ಮುಗಿಯೋದೇ ಹತ್ತೂವರೆಗೆ. ಆಮೇಲೆ ಪಗ್‌ನ ವಾಕಿಂಗ್ ಕರ್ಕೊಂಡು ಹೋದ್ರೆ ಹತ್ತು ನಿಮಿಷಕ್ಕೆ ರಸ್ತೆಲೇ ಮಲಗಿಬಿಡತ್ತೆ. ಸೋಮಾರಿತನನಾ? ಬೆಂಗಳೂರಲ್ಲಿ ಅಂಥ ಬಿಸಿಲೇನೂ ಇಲ್ವಲ್ಲ? — ಬೆಂಗಳೂರು

ಸೋಮಾರಿತನ ಅಲ್ಲ ಸ್ವಾಮಿ, ಅದು ಜೀವ ಉಳಿಸ್ಕೊಳ್ತಿದೆ. ನಾಯಿ ನಮ್ಮ ಥರ ಮೈಯೆಲ್ಲ ಬೆವರಲ್ಲ, ಪಾದದಲ್ಲಿ ಸ್ವಲ್ಪ ಬೆವರತ್ತೆ, ಉಳಿದ ಬಿಸಿಯೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಹೊರಹಾಕಬೇಕು. ಪಗ್‌ಗೆ ಮೂಗೇ ಚಪ್ಪಟೆ, ಉಸಿರಿನ ದಾರಿನೇ ಇಕ್ಕಟ್ಟು, ಅದಕ್ಕೆ ನೀವು ಹತ್ತೂವರೆ ಬಿಸಿಲಲ್ಲಿ ಡಾಂಬರು ರಸ್ತೆ ತೋರಿಸ್ತೀರಿ. ಅಂಗೈ ಹಿಂಭಾಗನ ರಸ್ತೆ ಮೇಲೆ ಏಳು ಸೆಕೆಂಡ್ ಇಡಿ, ಇಡೋಕಾಗಲ್ಲ ಅಂದ್ರೆ ನಿಮ್ಮ ಪಗ್ ಪಾದಕ್ಕೂ ಆಗಲ್ಲ. ಬೆಳಿಗ್ಗೆ ಏಳರೊಳಗೆ, ರಾತ್ರಿ ಎಂಟರ ಮೇಲೆ ಹೋಗಿ, ಸಂಜೆ ಬಿಸಿಲಿಳಿದ್ರೂ ಡಾಂಬರು ಬಿಸಿ ಹಿಡಿದಿಟ್ಕೊಂಡಿರತ್ತೆ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಹೋಗಿ ಬನ್ನಿ, ನಾನು ಯಾರಿಗೂ ಹೇಳಲ್ಲ.

ಕಾರಲ್ಲಿ 'ಎರಡೇ ನಿಮಿಷ' ಅಂತ ಬಿಟ್ಟು ಅಂಗಡಿಗೆ ಹೋಗೋದಂತೂ ಬೇಡವೇ ಬೇಡ, ಬಿಸಿಲಲ್ಲಿ ನಿಂತ ಕಾರೊಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರತ್ತೆ. ಏದುಸಿರು ನಿಲ್ಲದೆ, ನಾಲಿಗೆ ಕಡುಗೆಂಪಾಗಿ, ಅಂಟು ಜೊಲ್ಲು ಸುರಿದು ತೂರಾಡಿದ್ರೆ ಅದು ಹೀಟ್ ಸ್ಟ್ರೋಕು. ನೆರಳಿಗೆ ಎತ್ಕೊಂಡು ಹೋಗಿ ಹೊಟ್ಟೆ, ತೊಡೆಸಂದಿ, ಪಾದಕ್ಕೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಕಂಬಳಿ ಥರ ಬಿಸಿ ಒಳಗೇ ಹಿಡಿಯತ್ತೆ. ಬಾಯಿಗೆ ಬಲವಂತವಾಗಿ ನೀರು ಹುಯ್ಯಬೇಡಿ. ಟೆಂಪರೇಚರ್ 103 ಫ್ಯಾರನ್‌ಹೀಟ್‌ಗೆ ಇಳಿದ ಮೇಲೆ ನೀರು ಸುರಿಯೋದು ನಿಲ್ಲಿಸಿ, ಚೇತರಿಸ್ಕೊಂಡ ಹಾಗೆ ಕಂಡ್ರೂ ಆಸ್ಪತ್ರೆಗೆ ಹೋಗಲೇಬೇಕು, ಒಳಗಿನ ಪೆಟ್ಟು ಒಂದು ದಿನ ಬಿಟ್ಟು ಗೊತ್ತಾಗೋದೂ ಇದೆ.

ನಮ್ಮ ಪುಚ್ಚೆಗೆ (ಹೆಣ್ಣು ಬೆಕ್ಕು) ಆರು ತಿಂಗಳು. ಒಂದು ವಾರದಿಂದ ರಾತ್ರಿಯೆಲ್ಲ ಕಿರುಚುತ್ತದೆ, ನೆಲಕ್ಕೆ ಹೊರಳುತ್ತದೆ, ಹಿಂದಿನ ಭಾಗ ಎತ್ತಿ ನಿಲ್ಲುತ್ತದೆ. ಹೊಟ್ಟೆನೋವಾ ಮಾರಾಯ್ರೆ? — ಮಂಗಳೂರು

ಹೊಟ್ಟೆನೋವಲ್ಲ, ಹೀಟಿಗೆ, ಅಂದ್ರೆ ಬೆದೆಗೆ ಬಂದಿದೆ. ಹಗಲು ಉದ್ದ ಆಗ್ತಿದ್ದಂಗೆ ಬೆಕ್ಕುಗಳದ್ದು ಇದೇ ಕಥೆ, ಗಂಡು ಸಿಗೋವರೆಗೂ ಎರಡು ಮೂರು ವಾರಕ್ಕೊಂದ್ಸಲ ಮತ್ತೆ ಮತ್ತೆ ಬರತ್ತೆ. ಸಿಕ್ರೆ ಒಂಬತ್ತು ವಾರಕ್ಕೆ ನಿಮ್ಮ ಅಟ್ಟದ ಮೇಲೆ ನಾಲ್ಕೈದು ಮರಿ. ಕಿಟಕಿ ಬಾಗಿಲು ಭದ್ರ ಮಾಡಿ, ಈ ಸುತ್ತು ಮುಗಿದ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಒಂದು ಸಲ ಮರಿ ಹಾಕಿದ್ರೆ ಆರೋಗ್ಯಕ್ಕೆ ಒಳ್ಳೇದು ಅನ್ನೋದು ಸುಳ್ಳು. ಹಾಗೇ ರೇಬೀಸ್ ಲಸಿಕೆ ಹಾಕ್ಸಿದೀರಾ? ಬೆಕ್ಕಿಗೂ ಬೇಕು.

ನ್ಯೂಜೆರ್ಸಿಯಲ್ಲಿದ್ದೇವೆ. ಈಸ್ಟರ್‌ಗೆ ಪಕ್ಕದ ಮನೆಯವರು ಲಿಲ್ಲಿ ಹೂವಿನ ಕುಂಡ ಕೊಟ್ಟಿದ್ದಾರೆ, ಮನೇಲಿ ಬೆಕ್ಕಿದೆ. ಎತ್ತರದಲ್ಲಿಟ್ಟರೆ ಸಾಕಾ?

ಸಾಲಲ್ಲ. ಈಸ್ಟರ್ ಲಿಲ್ಲಿಯ ಎಲೆ, ಹೂವು, ಪರಾಗ, ಹೂದಾನಿಯ ನೀರು ಸಮೇತ ಬೆಕ್ಕಿನ ಕಿಡ್ನಿಗೆ ವಿಷ, ಮೈಮೇಲೆ ಉದುರಿದ ಪರಾಗ ನೆಕ್ಕಿದ್ರೂ ಸಾಕು. ಪಕ್ಕದವರಿಗೆ ಥ್ಯಾಂಕ್ಸ್ ಹೇಳಿ, ಕುಂಡನ ಬೆಕ್ಕಿಲ್ಲದ ಮನೆಗೆ ಕೊಡಿ. ಪೀಸ್ ಲಿಲ್ಲಿ ಅಂತ ಮಾರೋದು ಬೇರೆ ಗಿಡ, ಅದು ಬಾಯಿ ಉರಿಸತ್ತೆ, ಕಿಡ್ನಿ ತೆಗೆಯಲ್ಲ.

ಆಂಟಿ, ನಾನು ಆರನೇ ಕ್ಲಾಸು. ನಮ್ಮ ತೋಟದ ತೆಂಗಿನ ಮರದ ಪೊಟರೆಯಿಂದ ಗಿಳಿ ಮರಿ ಬಿದ್ದಿತ್ತು, ತಂದು ಬಾಕ್ಸಲ್ಲಿ ಇಟ್ಟಿದೀನಿ. ಮಿಟ್ಟು ಅಂತ ಹೆಸರಿಟ್ಟಿದೀನಿ. ಹಾಲು ಅನ್ನ ಕೊಡ್ಲಾ? ಪಂಜರ ಯಾವ ಸೈಜ್ ತಗೋಬೇಕು? — ಹಾಸನ

ಹಾಲು ಬೇಡ ಪುಟ್ಟ, ಹಕ್ಕಿಗೆ ಹಾಲು ಅರಗಲ್ಲ. ಬಾಯಿಗೆ ನೀರೂ ಬಿಡಬೇಡ, ಶ್ವಾಸಕ್ಕೆ ಹೋಗತ್ತೆ. ಪಂಜರ ತಗೊಳ್ಳೋದೇ ಬೇಡ, ನಮ್ಮೂರ ಗಿಳಿಗಳನ್ನ ಮನೇಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಗಿಳಿಶಾಸ್ತ್ರದವರ ಹತ್ರ ಇರೋದೂ ತಪ್ಪೇ. ಮರಿಗೆ ಗಾಯ ಏನಿಲ್ಲ ಅಂದ್ರೆ ಅಪ್ಪನಿಗೆ ಹೇಳು, ಮರ ಹತ್ತೋರು ಯಾರಾದ್ರೂ ಸಿಕ್ರೆ ಅದೇ ಪೊಟರೆಗೆ ವಾಪಸ್ ಇಡಿಸಿ. ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ಲ ಅಂತಾರಲ್ಲ, ಅದು ಸುಳ್ಳು, ಸೇರಿಸ್ಕೊಳ್ಳತ್ತೆ. ಹತ್ತೋಕಾಗಲ್ಲ ಅಂದ್ರೆ, ಇಲ್ಲ ರೆಕ್ಕೆ ಜೋತುಬಿದ್ದಿದ್ರೆ, ತೂತು ಮಾಡಿದ ರಟ್ಟಿನ ಡಬ್ಬಿಲಿ ಹಳೇ ಕಾಟನ್ ಬಟ್ಟೆ ಹಾಸಿ, ಬೆಕ್ಕು ಬರದ ಕತ್ತಲೆ ಜಾಗದಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಅಪ್ಪನ ಕೈಲಿ ಫೋನ್ ಮಾಡಿಸು. ಇವತ್ತೇ ಮಾಡಿಸು, ಈ ಸಂಚಿಕೆ ಬರೋವರೆಗೆ ಕಾಯಬಾರದು ಅಂತ ನಿನ್ನ ಕಾಗದ ಬಂದ ದಿನವೇ ನಿಮ್ಮಪ್ಪನ ನಂಬರಿಗೆ ಮೆಸೇಜ್ ಹಾಕಿದೀನಿ, ಇನ್ನೂ ಬ್ಲೂ ಟಿಕ್ ಬಂದಿಲ್ಲ.